ಮೂರು ಸೆಂಟಿಮೀಟರಿನ ಬೆಂಕಿ

ಲೋಣಾವಳಾದ ಚಿಕ್ಕಿ ಭಟ್ಟಿಯ ಮುಂದೆ ನಿಂತವನ ಕಣ್ಣು ಉರಿಯ ಮೇಲಿರುವುದಿಲ್ಲ, ಕಡಾಯಿಯ ಅಂಚಿನ ಮೇಲಿರುತ್ತದೆ. ಬೆಲ್ಲ ಮೊದಲು ಸೀಯುವುದು ಅಲ್ಲೇ, ಕಾದ ಲೋಹಕ್ಕೆ ತಾಗಿಕೊಂಡ ಜಾಗದಲ್ಲಿ. ನಡುವಿನ ಪಾಕ ಇನ್ನೂ ನೀರು ನೀರಾಗಿರುವಾಗಲೇ ಅಂಚು ಕಪ್ಪಾದರೆ ಇಡೀ ಕಡಾಯಿ ಕಹಿ. ಉರಿ ಜೋರು ಮಾಡಿದರೆ ಬೇಗ ಮುಗಿದೀತು ಎಂದುಕೊಂಡ ಹೊಸಬ ಶೇಂಗಾ, ಬೆಲ್ಲ ಎರಡನ್ನೂ ಹಾಳುಮಾಡುತ್ತಾನೆ. ಲಿವರ್ ಕ್ಯಾನ್ಸರಿನ ಗಡ್ಡೆಯನ್ನು ಸೂಜಿಯಿಂದ ಸುಡುವ ಉಪಕರಣ ರೂಪಿಸುವ ಎಂಜಿನಿಯರುಗಳು ಮೂವತ್ತು ವರ್ಷಗಳಿಂದ ಒದ್ದಾಡುತ್ತಿರುವುದು ಹೆಚ್ಚುಕಡಿಮೆ ಇದೇ ಹದಕ್ಕಾಗಿ.

ಕಲಬುರಗಿ, ವಿಜಯಪುರ, ಸೊಲ್ಲಾಪುರದ ಕಡೆಯಿಂದ ಮುಂಬೈಗೆ ಹೋಗುವ ರೈಲುಗಳು ಈ ಊರಿನ ಮೇಲೆಯೇ ಹಾದು ಘಾಟ್ ಇಳಿಯಬೇಕು. ಅವುಗಳಲ್ಲಿ ಸ್ಕ್ಯಾನ್ ಫಿಲ್ಮಿನ ದೊಡ್ಡ ಕವರುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತ ಕುಟುಂಬ ಒಂದಾದರೂ ಇರುತ್ತದೆ. ಪರೇಲ್‌ನಲ್ಲಿ 1941ರಲ್ಲಿ ಶುರುವಾದ ಟಾಟಾ ಮೆಮೋರಿಯಲ್ ಆಸ್ಪತ್ರೆ ಉತ್ತರ ಕರ್ನಾಟಕದವರ ಬಾಯಲ್ಲಿ ಬರೀ 'ಟಾಟಾ'. 'ಟಾಟಾಕ್ಕ ಬರದುಕೊಟ್ಟಾರ' ಎಂದರೆ ಊರಿನಲ್ಲಿ ಮತ್ತೇನೂ ಕೇಳುವುದಿಲ್ಲ. ಲಿವರಿನಲ್ಲಿ ಸಣ್ಣ ಗಡ್ಡೆಯಿರುವವರಿಗೆ ಅಂಥ ದೊಡ್ಡ ಆಸ್ಪತ್ರೆಗಳಲ್ಲಿ ಈಗ ಒಂದು ಸಮಾಧಾನದ ಮಾತು ಸಿಗುವುದುಂಟು: ಹೊಟ್ಟೆ ಕೊಯ್ಯುವುದಿಲ್ಲ, ಸೂಜಿ ಹಾಕಿ ಒಳಗೇ ಸುಡುತ್ತೇವೆ. ಹಳ್ಳಿಯ ಅಜ್ಜಿಗೆ ಇದನ್ನು ಹೇಳಿ ನೋಡಿ. "ಬರಿ ಕೊಟ್ಟಂಗೇನ್ರೀ ಡಾಕ್ಟ್ರ?" ಎಂದೇ ಕೇಳುತ್ತಾಳೆ.

ಅದು ನಕ್ಕು ಬಿಡುವ ಪ್ರಶ್ನೆಯಲ್ಲ. ಕಾಮಾಲೆಯಾದ, ಹೊಟ್ಟೆ ಉಬ್ಬಿದ ಮಕ್ಕಳಿಗೆ ಕಾಯಿಸಿದ ಕಬ್ಬಿಣದಿಂದಲೋ ಉರಿಯುವ ಊದುಬತ್ತಿಯಿಂದಲೋ ಬರೆ ಹಾಕಿಸುವುದು ನಮ್ಮ ಹಳ್ಳಿಗಳಿಂದ ಇನ್ನೂ ಪೂರ್ತಿ ಹೋಗಿಲ್ಲ. ಸುಶ್ರುತ ಸಂಹಿತೆಯಲ್ಲಿ ಅಗ್ನಿಕರ್ಮಕ್ಕೆಂದೇ ಒಂದು ಅಧ್ಯಾಯವಿದೆ. ಆದರೆ ಹೊಟ್ಟೆಯ ಮೇಲಿನ ಬರೆಯ ಬಿಸಿ ಲಿವರಿನ ತನಕ ಹೋಗುವುದೇ ಇಲ್ಲ. ಚರ್ಮ ಸುಟ್ಟು ಕೀವಾಗುತ್ತದೆ, ಮಗು ನರಳುತ್ತದೆ, ಕಾಯಿಲೆ ತನ್ನ ಪಾಡಿಗೆ ತಾನಿರುತ್ತದೆ. ಈಗಿನ ಸೂಜಿ ಇದನ್ನು ತಲೆಕೆಳಗು ಮಾಡಿದೆ. ಚರ್ಮ ತಣ್ಣಗೇ ಇರಬೇಕು, ಸೂಜಿಯ ಹಿಡಿಕೆ ತಣ್ಣಗಿರಬೇಕು, ಹತ್ತು ಹನ್ನೆರಡು ಸೆಂಟಿಮೀಟರ್ ಆಳದಲ್ಲಿ ನಿಂಬೆಹಣ್ಣಿನ ಗಾತ್ರದ ಒಂದು ಜಾಗ ಮಾತ್ರ ಬೇಯಬೇಕು. ಅಜ್ಜಿಗೆ ಕೊಡಬೇಕಾದ ಉತ್ತರ ಇಷ್ಟೇ: ಬರೆ ಹೌದು, ಆದರೆ ಎಲ್ಲಿ ನಿಲ್ಲಬೇಕೆಂದು ಗೊತ್ತಿರುವ ಬರೆ.

ಇದಕ್ಕೆ ಬೇಕಾದದ್ದು ವಿದ್ಯುತ್ತು. ಲೋಣಾವಳಾಕ್ಕೆ ವಿದ್ಯುತ್ತಿನ ನಂಟು ಹಳೆಯದು. ಇಲ್ಲಿನ ಲೋಣಾವಳಾ, ವಲವಣ, ಶಿರವಟಾ ಕೆರೆಗಳಲ್ಲಿ ಮಳೆನೀರು ಕೂಡಿಟ್ಟು, ಕೊಳವೆಯಲ್ಲಿ ಘಾಟಿನ ಕೆಳಗಿನ ಖೋಪೋಲಿಗೆ ಧುಮುಕಿಸಿ, 1915ರಲ್ಲಿ ಟಾಟಾ ಕಂಪನಿ ಮುಂಬೈನ ಗಿರಣಿಗಳಿಗೆ ಕರೆಂಟು ಕೊಟ್ಟಿತು. ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುವ ಆ ನೀರು ನೂರು ವರ್ಷಕ್ಕೂ ಮೀರಿ ಕೂಲಿ ಮಾಡುತ್ತ ಬಂದಿದೆ. ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಬಾರಿ ಹಿಂದಕ್ಕೂ ಮುಂದಕ್ಕೂ ಹೋಗಿ ಬರುತ್ತದೆ. ಕೈಯಿಟ್ಟರೆ ಸ್ನಾಯು ಸೆಟೆದುಕೊಳ್ಳುತ್ತದೆ, ಎದೆಬಡಿತ ತಪ್ಪುತ್ತದೆ. ಆದರೆ ಈ ಹೋಗಿ ಬರುವ ವೇಗವನ್ನು ಸೆಕೆಂಡಿಗೆ ಹತ್ತು ಸಾವಿರಕ್ಕೂ ಮೇಲೆ ಒಯ್ದರೆ ನರ ಸ್ನಾಯುಗಳಿಗೆ ಅದರ ಅರಿವೇ ಆಗುವುದಿಲ್ಲ, ಮೈ ಬೆಚ್ಚಗಾಗುತ್ತದೆ ಅಷ್ಟೆ. ಫ್ರಾನ್ಸಿನ ದಾರ್ಸೋನ್ವಾಲ್ ಇದನ್ನು 1891ರಲ್ಲಿ ತೋರಿಸಿಕೊಟ್ಟ. 1926ರ ಅಕ್ಟೋಬರ್ 1ರಂದು ಬಾಸ್ಟನ್ನಿನಲ್ಲಿ ನರಶಸ್ತ್ರಜ್ಞ ಹಾರ್ವಿ ಕುಶಿಂಗ್, ವಿಲಿಯಂ ಬೋವಿ ತಯಾರಿಸಿದ ಯಂತ್ರದಿಂದ, ರಕ್ತ ನಿಲ್ಲದೆ ಕೆಲವೇ ದಿನಗಳ ಹಿಂದೆ ಕೈಬಿಟ್ಟಿದ್ದ ಗಡ್ಡೆಯೊಂದನ್ನು ತೆಗೆದ. ಆಪರೇಷನ್ ಥಿಯೇಟರಿನಲ್ಲಿ ಇಂದಿಗೂ ಆ ಯಂತ್ರವನ್ನು 'ಬೋವಿ' ಎಂದು ಕರೆಯುವವರಿದ್ದಾರೆ.

ಲಿವರಿಗೆ ಈ ವಿದ್ಯೆ ಬಂದದ್ದು ತಡವಾಗಿ. ಎಂಬತ್ತರ ದಶಕದಲ್ಲಿ ಜಪಾನ್, ಇಟಲಿಯ ವೈದ್ಯರು ಸಣ್ಣ ಗಡ್ಡೆಗಳಿಗೆ ಶುದ್ಧ ಆಲ್ಕೋಹಾಲ್ ಚುಚ್ಚಿ ಸಾಯಿಸುತ್ತಿದ್ದರು. (ಲಿವರನ್ನು ಕೆಡಿಸುವ ವಸ್ತುವಿನಿಂದಲೇ ಲಿವರಿನ ಗಡ್ಡೆಗೆ ಮದ್ದು!) ಆದರೆ ಚುಚ್ಚಿದ ಆಲ್ಕೋಹಾಲ್ ಹೇಳಿದ ಕಡೆ ಹೋಗುವುದಿಲ್ಲ, ದಾರಿ ಸಿಕ್ಕತ್ತ ಹರಿಯುತ್ತದೆ. 1990ರಲ್ಲಿ ಅಮೆರಿಕದಲ್ಲಿ ಮೆಕ್‌ಗಹನ್, ಇಟಲಿಯಲ್ಲಿ ರೋಸ್ಸಿ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ಕೆಲಸ ಮಾಡಿದರು. ಸೂಜಿಯ ಮೈಗೆಲ್ಲ ವಿದ್ಯುತ್ ನಿರೋಧಕ ಹೊದಿಸಿ, ತುದಿಯನ್ನಷ್ಟೇ ಬರಿದಾಗಿ ಬಿಟ್ಟು, ಪ್ರಾಣಿಗಳ ಲಿವರಿಗೆ ಚುಚ್ಚಿ ರೇಡಿಯೋ ಆವರ್ತನದ ಕರೆಂಟು ಹರಿಸಿದರು. ಕೆಲವೇ ವರ್ಷಗಳಲ್ಲಿ ಅದು ರೋಗಿಗಳ ಮಂಚಕ್ಕೆ ಬಂತು. ವೈದ್ಯರು ಇದನ್ನು ಆರ್‌ಎಫ್‌ಎ (ರೇಡಿಯೋಫ್ರೀಕ್ವೆನ್ಸಿ ಅಬ್ಲೇಶನ್) ಎನ್ನುತ್ತಾರೆ.

ತತ್ವ ಸರಳ. ಸೆಕೆಂಡಿಗೆ ನಾಲ್ಕೂವರೆ ಐದು ಲಕ್ಷ ಬಾರಿ ಹೋಗಿ ಬರುವ ಕರೆಂಟು ಸೂಜಿಯ ತುದಿಯಿಂದ ಹೊರಟು, ತೊಡೆಗೆ ಅಂಟಿಸಿದ ಅಗಲವಾದ ಪ್ಯಾಡಿನ ಮೂಲಕ ಯಂತ್ರಕ್ಕೆ ಮರಳುತ್ತದೆ. ತುದಿಯ ಸುತ್ತ ಇಕ್ಕಟ್ಟಿನಲ್ಲಿ ಹರಿಯುವುದರಿಂದ ಅಲ್ಲಿನ ಉಪ್ಪಿನ ಅಯಾನುಗಳು ಅತ್ತಿತ್ತ ಜಗ್ಗಾಡಿ ಬಿಸಿಯೇಳುತ್ತದೆ. ಸೂಜಿ ತಾನಾಗಿ ಕಾಯುವುದಿಲ್ಲ, ಅದರ ಸುತ್ತಲಿನ ಮಾಂಸ ಕಾಯುತ್ತದೆ. ತೊಡೆಯ ಬಳಿ ಅದೇ ಕರೆಂಟು ಅಗಲಕ್ಕೆ ಹರಡುವುದರಿಂದ ಅಲ್ಲಿ ಬಿಸಿಯಿಲ್ಲ. ಪ್ಯಾಡು ಚಿಕ್ಕದಾದರೆ, ಒಂದು ಮೂಲೆ ಕಿತ್ತುಬಂದರೆ ಮಾತ್ರ ತೊಡೆಯೇ ಸುಡುತ್ತದೆ. ಹಾಗಾದ ರೋಗಿಗಳೂ ಇದ್ದಾರೆ.

ಎಷ್ಟು ಬಿಸಿ ಬೇಕು? 50 ಡಿಗ್ರಿಯಲ್ಲಿ ಕೋಶ ಸಾಯಲು ಕೆಲವು ನಿಮಿಷ ಹಿಡಿಯುತ್ತದೆ. 60 ದಾಟಿದರೆ ಪ್ರೋಟೀನು ಆ ಕ್ಷಣವೇ ಗಟ್ಟಿಯಾಗುತ್ತದೆ. 100 ದಾಟಿತೋ, ಮಾಂಸದೊಳಗಿನ ನೀರು ಕುದಿದು ಹಬೆಯಾಗುತ್ತದೆ, ಸೂಜಿಗೆ ಅಂಟಿದ ಪದರ ಕರಕಲಾಗುತ್ತದೆ. ಒಣಗಿದ ಕರಕಲು ವಿದ್ಯುತ್ತನ್ನು ಹಾಯಿಸುವುದಿಲ್ಲ. ಯಂತ್ರದ ಮೇಲಿನ ಇಂಪೀಡೆನ್ಸ್ (ಕರೆಂಟಿಗೆ ಬರುವ ತಡೆ) ಅಂಕಿ ಸರ್ರನೆ ಏರುತ್ತದೆ, ಕರೆಂಟು ನಿಲ್ಲುತ್ತದೆ. ಒಂದು ಸೆಂಟಿಮೀಟರ್ ಆಚೆಗಿನ ಗಡ್ಡೆ ಮಾತ್ರ ಹಾಗೇ ಜೀವಂತ. ಭಟ್ಟಿಯ ಹೊಸಬನ ಅವಸರವೇ ಇಲ್ಲಿಯೂ ಮುಳುವು. ಲೆಕ್ಕವೂ ಕರುಣೆಯಿಲ್ಲದ್ದು: ಗುಂಡಗಿನ ತುದಿಯಿಂದ ಹರಡುವ ಕರೆಂಟಿನ ಬಿಸಿ, ದೂರ ಎರಡು ಪಟ್ಟಾದರೆ ಹದಿನಾರರಲ್ಲೊಂದು ಪಾಲಿಗೆ ಇಳಿಯುತ್ತದೆ. ಕರೆಂಟು ನೇರವಾಗಿ ಕಾಯಿಸುವುದು ತುದಿಯ ಸುತ್ತಲ ಕೆಲವೇ ಮಿಲಿಮೀಟರುಗಳನ್ನು. ಉಳಿದದ್ದೆಲ್ಲ ಆ ಬಿಸಿ ನಿಧಾನವಾಗಿ ಹಬ್ಬಿದ್ದರಿಂದ ಬೇಯಬೇಕು. ಮೊದಮೊದಲ ಸೂಜಿಗಳು ಒಂದೂವರೆ ಸೆಂಟಿಮೀಟರಿನ ಆಚೆ ಹೋಗಲು ತಿಣುಕಿದ್ದು ಇದಕ್ಕೇ.

ಇದಕ್ಕೆ ಎಂಜಿನಿಯರುಗಳು ಹೂಡಿದ ಉಪಾಯಗಳಲ್ಲಿ ಒಂದು, ಕೊಡೆಯ ಕಡ್ಡಿಗಳಂತೆ ಬಿಚ್ಚಿಕೊಳ್ಳುವ ಸೂಜಿ. ಒಳಗೆ ಹೋದ ಮೇಲೆ ತುದಿಯಿಂದ ಹತ್ತು ಹನ್ನೆರಡು ಬಾಗಿದ ತಂತಿಗಳು ಹೊರಬಂದು ಗಡ್ಡೆಯನ್ನು ಅಪ್ಪಿಕೊಳ್ಳುತ್ತವೆ. ಗಟ್ಟಿ ಲಿವರಿನಲ್ಲಿ ಅವು ಅಂದುಕೊಂಡತ್ತ ಬಿಚ್ಚಿಕೊಳ್ಳದೆ ಒಂದು ಪಕ್ಕಕ್ಕೆ ಹೊರಳುವುದೂ ಉಂಟು. ಇನ್ನೊಂದು ಉಪಾಯ ನನಗೆ ಹೆಚ್ಚು ಇಷ್ಟ, ಏಕೆಂದರೆ ಕೇಳಿದರೆ ತಿಕ್ಕಲು ಎನಿಸುತ್ತದೆ: ಸುಡುವ ಸೂಜಿಯನ್ನು ತಣ್ಣಗಿಡುವುದು.

ಆ ಸೂಜಿಯನ್ನು ಕೈಯಲ್ಲಿ ಹಿಡಿದು ನೋಡಬೇಕು. ದಪ್ಪ ಒಂದೂವರೆ ಮಿಲಿಮೀಟರ್, ಉದ್ದ ಹದಿನೈದರಿಂದ ಇಪ್ಪತ್ತೈದು ಸೆಂಟಿಮೀಟರ್. ಕೊನೆಯ ಮೂರು ಸೆಂಟಿಮೀಟರ್ ಬರಿ ಲೋಹ, ಉಳಿದದ್ದಕ್ಕೆ ತೆಳು ನಿರೋಧಕದ ಹೊದಿಕೆ. ಇಷ್ಟು ಸಪೂರ ನಳಿಗೆಯೊಳಗೆ ಇನ್ನೂ ಸಪೂರವಾದ ಮತ್ತೊಂದು ನಳಿಗೆ. ಮಂಚದ ಪಕ್ಕದ ಸ್ಟೀಲ್ ಪಾತ್ರೆಯಲ್ಲಿ ಮಂಜುಗಡ್ಡೆ ಹಾಕಿಟ್ಟ ನೀರು. ಪುಟ್ಟ ಪಂಪು ಅದನ್ನು ಒಳನಳಿಗೆಯಲ್ಲಿ ತುದಿಯವರೆಗೆ ಒಯ್ದು ಹೊರನಳಿಗೆಯಲ್ಲಿ ಮರಳಿ ತರುತ್ತದೆ. ತುದಿಯೊಳಗೆ ಬಿಸಿ ಅಳೆಯುವ ಕೂದಲೆಳೆಯಂಥ ಥರ್ಮೋಕಪಲ್. ನೀರು ರೋಗಿಯ ಮೈಗೆ ಒಂದು ಹನಿಯೂ ಹೋಗುವುದಿಲ್ಲ. ಸೂಜಿಗೆ ಅಂಟಿದ ಪದರ ಕರಕಲಾಗದೆ ತಂಪಾಗಿರುವುದರಿಂದ ಹೆಚ್ಚು ಕರೆಂಟು ಹೆಚ್ಚು ಹೊತ್ತು ಹರಿಯುತ್ತದೆ, ಅತಿ ಬಿಸಿಯ ಜಾಗ ಸೂಜಿಯನ್ನು ಬಿಟ್ಟು ಕೆಲವು ಮಿಲಿಮೀಟರ್ ಆಚೆಗೆ ಸರಿಯುತ್ತದೆ. ಇಂಪೀಡೆನ್ಸ್ ಏರುವ ಸುಳಿವು ಸಿಕ್ಕರೆ ಯಂತ್ರ ತಾನಾಗಿ ಕೆಲವು ಸೆಕೆಂಡು ಕರೆಂಟು ಇಳಿಸಿ, ಹಬೆ ತಣಿದ ಮೇಲೆ ಮತ್ತೆ ಏರಿಸುತ್ತದೆ. ಸಾಮಾನ್ಯವಾಗಿ ಒಂದು ಸುತ್ತಿಗೆ 12 ನಿಮಿಷ. ತೊಂಬತ್ತರ ದಶಕದ ನಡುವೆ ಬಾಸ್ಟನ್ನಿನ ಗೋಲ್ಡ್‌ಬರ್ಗ್, ಗೆಜೆಲ್ ಮತ್ತಿತರರು ಇದನ್ನು ಹದಕ್ಕೆ ತಂದ ಮೇಲೆಯೇ ಒಂದೇ ಸೂಜಿಯಿಂದ ಮೂರು ಸೆಂಟಿಮೀಟರಿನ ಉಂಡೆ ಬೇಯಿಸುವುದು ನಂಬಬಹುದಾದ ಕೆಲಸವಾಯಿತು.

ಆಮೇಲೂ ಒಬ್ಬ ಎದುರಾಳಿ ಉಳಿದ: ರಕ್ತ. ಲಿವರಿನೊಳಗೆ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಹರಿಯುತ್ತದೆ. 37 ಡಿಗ್ರಿಯ ಈ ಹೊಳೆ, ಸೂಜಿ ಕೊಟ್ಟ ಬಿಸಿಯನ್ನು ಕದ್ದುಕೊಂಡು ಹೋಗುತ್ತಲೇ ಇರುತ್ತದೆ. ಮೂರು ಮಿಲಿಮೀಟರಿಗಿಂತ ದಪ್ಪ ರಕ್ತನಾಳಕ್ಕೆ ಒತ್ತಿಕೊಂಡ ಗಡ್ಡೆಯಾದರೆ ಆ ಬದಿಯ ಅಂಚು ಬೇಯದೆ ಉಳಿಯುವ ಅಪಾಯವಿದೆ. ಗಡ್ಡೆ ಮತ್ತೆ ಚಿಗುರುವುದು ಅಂಥ ಅಂಚಿನಿಂದಲೇ. ಈ ಕಳ್ಳತನದ ಲೆಕ್ಕ ಹಾಕಲು ಇಂದಿಗೂ ಬಳಸುವ ಸಮೀಕರಣ 1948ರದ್ದು. ಹ್ಯಾರಿ ಪೆನ್ನೆಸ್ ಎಂಬ ಅಮೆರಿಕದ ವೈದ್ಯ ಜನರ ಮುಂಗೈಯೊಳಗೆ ಸಣ್ಣ ತಾಪಮಾಪಕ ಸೇರಿಸಿ, ಸುಮ್ಮನೆ ಕೂತ ಮನುಷ್ಯನ ತೋಳಿನಲ್ಲಿ ಬಿಸಿ ಹೇಗೆ ಹಂಚಿಕೆಯಾಗುತ್ತದೆ ಎಂದು ಅಳೆದ. ಅವನ ಮನಸ್ಸಿನಲ್ಲಿ ಕ್ಯಾನ್ಸರೂ ಇರಲಿಲ್ಲ, ಸೂಜಿಯೂ ಇರಲಿಲ್ಲ. ಇಂದು ಕಂಪ್ಯೂಟರಿನಲ್ಲಿ ಹೊಸ ಸೂಜಿಯ ಮಾದರಿ ಓಡಿಸುವವರೆಲ್ಲ ಮೊದಲು ಬರೆಯುವ ಸಾಲು ಅವನದೇ. ಹೊಟ್ಟೆ ತೆರೆದೋ ದುರ್ಬೀನಿನ ಮೂಲಕವೋ ಸುಡುವಾಗ ಶಸ್ತ್ರವೈದ್ಯರು ಲಿವರಿಗೆ ರಕ್ತ ತರುವ ನಾಳಗಳ ಕಟ್ಟನ್ನೇ ಕೆಲವು ನಿಮಿಷ ಬಿಗಿಹಿಡಿಯುವುದುಂಟು. ಗ್ಲಾಸ್ಗೋದ ಪ್ರಿಂಗಲ್ 1908ರಲ್ಲಿ ಗಾಯಗೊಂಡ ಲಿವರಿನ ರಕ್ತ ನಿಲ್ಲಿಸಲು ಕಂಡುಕೊಂಡ ಪಟ್ಟು ಅದು.

ರಕ್ತದೊಂದಿಗೆ ಸೆಣಸಲು ಇನ್ನೊಂದು ದಾರಿ, ಅದು ಕದಿಯುವುದಕ್ಕಿಂತ ವೇಗವಾಗಿ ಬಿಸಿ ಕೊಡುವುದು. ಮೈಕ್ರೋವೇವ್ ಬಂದದ್ದು ಇಲ್ಲಿಗೆ. ಜಪಾನಿನ ಟಬುಸೆ 1979ರಲ್ಲೇ ಲಿವರ್ ಕೊಯ್ಯುವಾಗ ರಕ್ತ ನಿಲ್ಲಿಸಲು ಮೈಕ್ರೋವೇವ್ ಬಳಸಿದ್ದರು. ಅಡುಗೆಮನೆಯ ಓವನ್ನಿನಲ್ಲಿರುವ ಅದೇ 2.45 ಗಿಗಾಹರ್ಟ್ಸ್, ಇಲ್ಲವೇ 915 ಮೆಗಾಹರ್ಟ್ಸ್. ಇಲ್ಲಿ ಸೂಜಿಯೆಂದರೆ ಒಂದು ಆಂಟೆನಾ. ನೀರಿನ ಅಣುಗಳನ್ನು ಅಲೆ ಗಿರಗಿರನೆ ಹೊರಳಿಸುತ್ತದೆ. ಕರಕಲು ಅಡ್ಡ ಬಂದರೂ ಅಲೆ ಅದನ್ನು ದಾಟಿ ಹೋಗುತ್ತದೆ, ತೊಡೆಯ ಪ್ಯಾಡು ಬೇಕಿಲ್ಲ, ಕೆಲವೇ ನಿಮಿಷಗಳಲ್ಲಿ ದೊಡ್ಡ ಉಂಡೆ ಬೇಯುತ್ತದೆ. ರೇಡಿಯೋ ಆವರ್ತನದ ಸೂಜಿಯನ್ನು ಇದು ಈಗ ಬಹಳ ಕಡೆ ಮೂಲೆಗೆ ತಳ್ಳಿದೆ.

ಆದರೆ ಆಂಟೆನಾಕ್ಕೆ ಅದರದೇ ರಗಳೆ. 2.45 ಗಿಗಾಹರ್ಟ್ಸಿನಲ್ಲಿ, ಗಾಳಿಯಲ್ಲಿ ಹನ್ನೆರಡು ಸೆಂಟಿಮೀಟರಿರುವ ಅಲೆಯ ಉದ್ದ, ನೀರು ತುಂಬಿದ ಲಿವರಿನೊಳಗೆ ಎರಡು ಸೆಂಟಿಮೀಟರಿಗೂ ಕಡಿಮೆ. ಆಂಟೆನಾವನ್ನು ಆ ಅಳತೆಗೇ ಕೊರೆದಿರುತ್ತಾರೆ. ಸುಡತೊಡಗಿದ ಮೇಲೆ ಮಾಂಸ ಒಣಗುತ್ತದೆ, ಒಣಗಿದಂತೆ ಅಲೆ ಉದ್ದವಾಗುತ್ತದೆ, ಕೊರೆದ ಅಳತೆ ತಪ್ಪುತ್ತದೆ. ತಪ್ಪಿದ ಶಕ್ತಿ ಮುಂದೆ ಹೋಗದೆ ಸೂಜಿಯ ದಂಡದಗುಂಟ ಹಿಂದಕ್ಕೆ ಹರಿದು ಚರ್ಮದ ಕಡೆಗೆ ಸುಡುತ್ತ ಬರುತ್ತದೆ. ಬೆಂದ ಜಾಗ ಚೆಂಡಿನಂತಿರಬೇಕಾದದ್ದು ಬಾಲವಿರುವ ಹನಿಯಂತಾಗುತ್ತದೆ. ಈ ಬಾಲ ಕತ್ತರಿಸುವುದೇ ಮೈಕ್ರೋವೇವ್ ಸೂಜಿ ವಿನ್ಯಾಸದ ಮುಖ್ಯ ಕಸುಬು. ದಂಡದ ಮೇಲೆ ಲೋಹದ ತೋಳು ತೊಡಿಸಿ ಹಿಂದಿರುಗುವ ಅಲೆಯನ್ನು ತಡೆಯುತ್ತಾರೆ, ತುದಿಯ ಬಳಿ ಸೀಳು ಕೊರೆಯುತ್ತಾರೆ, ದಂಡದೊಳಗೆ ನೀರು ಹರಿಸುತ್ತಾರೆ. ಅಮೆರಿಕದ ಮ್ಯಾಡಿಸನ್ನಿನ ತಂಡವೊಂದು ನೀರಿನ ಬದಲು ಇಂಗಾಲದ ಡೈಆಕ್ಸೈಡ್ ಅನಿಲದಿಂದ ತಂಪು ಮಾಡಿ ಸೂಜಿಯನ್ನು ಇನ್ನಷ್ಟು ತೆಳ್ಳಗಾಗಿಸಿತು. ತುದಿಯಲ್ಲಿ ಚುಚ್ಚುವ ಮೊನೆಯನ್ನು ಸಿರಾಮಿಕ್‌ನಿಂದ ಮಾಡುವ ರೂಢಿಯೂ ಇದೆ.

ಇಂಥ ಸೂಜಿಯ ಪರೀಕ್ಷೆ ಶುರುವಾಗುವುದು ಮೊಟ್ಟೆಯಿಂದ. ಪಾರದರ್ಶಕ ಜೆಲ್ಲಿನಲ್ಲಿ ಮೊಟ್ಟೆಯ ಬಿಳಿಭಾಗ ಬೆರೆಸಿ ಗಾಜಿನ ಪಾತ್ರೆಯಲ್ಲಿ ಗಟ್ಟಿಯಾಗಲು ಬಿಡುತ್ತಾರೆ. ಸೂಜಿ ಚುಚ್ಚಿ ಸ್ವಿಚ್ ಹಾಕಿದರೆ ಬೆಂದ ಜಾಗ ಬೆಳ್ಳಗಾಗುತ್ತ ಕಣ್ಣೆದುರೇ ಹಿಗ್ಗುತ್ತದೆ. ಆಮೇಲೆ ಮಾಂಸದಂಗಡಿಯಿಂದ ತಂದ ಲಿವರ್. ಸುಟ್ಟು, ಸೂಜಿಯ ಜಾಡಿನ ನೇರಕ್ಕೆ ಇಬ್ಭಾಗ ಮಾಡಿ, ನಡುವಿನ ಕಪ್ಪು ಗೆರೆ, ಅದರ ಸುತ್ತಲ ಬೂದುಬಿಳಿ, ಅದರಾಚೆಯ ತೆಳು ಗುಲಾಬಿ ಅಂಚು ಇವನ್ನೆಲ್ಲ ಸ್ಕೇಲಿಟ್ಟು ಅಳೆಯುತ್ತಾರೆ. ಉದ್ದಕ್ಕಿಂತ ಅಡ್ಡಳತೆ ಮುಖ್ಯ. ಉದ್ದ ನಾಲ್ಕು ಸೆಂಟಿಮೀಟರ್ ಬಂದು ಅಡ್ಡ ಎರಡೇ ಬಂದರೆ ಅದು ಎರಡು ಸೆಂಟಿಮೀಟರಿನ ಸೂಜಿ. ಇಲ್ಲೊಂದು ಮೋಸವಿದೆ, ವೈದ್ಯರೂ ಅದರ ಬಗ್ಗೆ ಗೊಣಗುತ್ತಾರೆ. ಅಂಗಡಿಯ ಲಿವರಿನಲ್ಲಿ ರಕ್ತ ಹರಿಯುವುದಿಲ್ಲ. ಅದರ ಮೇಲೆ ತಯಾರಿಸಿದ 'ಇಷ್ಟು ವಾಟ್, ಇಷ್ಟು ನಿಮಿಷ, ಇಷ್ಟು ಗಾತ್ರ' ಎಂಬ ಕಂಪನಿ ಪಟ್ಟಿಗಳು ಜೀವಂತ ಲಿವರಿನಲ್ಲಿ ಅಷ್ಟು ಫಲ ಕೊಡುವುದಿಲ್ಲ. ಸಿರೋಸಿಸ್ ಆದ ಲಿವರ್, ಕೊಬ್ಬು ತುಂಬಿದ ಲಿವರ್ ಒಂದೊಂದೂ ಬೇರೆ ಬೇರೆ ಬೇಯುತ್ತವೆ. ಕಣ್ಣುಮುಚ್ಚಿ ಪಟ್ಟಿ ನಂಬುವುದಕ್ಕಿಂತ ಅನುಭವಿ ರೇಡಿಯಾಲಜಿಸ್ಟಿನ ಅಂದಾಜನ್ನು ನಂಬುವುದು ಕ್ಷೇಮ ಎಂದೇ ನನಗನ್ನಿಸುತ್ತದೆ.

ರೋಗಿಯ ಮಟ್ಟಿಗೆ ಇದೆಲ್ಲ ಅಗೋಚರ. ಮೊದಲೇ ರಕ್ತದ ಹೆಪ್ಪುಗಟ್ಟುವ ಶಕ್ತಿ ನೋಡಿರುತ್ತಾರೆ. ಅನಸ್ತೇಶಿಯಾ ಕೊಟ್ಟು, ಸೊನೋಗ್ರಫಿಯಲ್ಲೋ ಸಿ.ಟಿ.ಯಲ್ಲೋ ಗಡ್ಡೆ ನೋಡಿಕೊಂಡು, ಪಕ್ಕೆಲುಬುಗಳ ನಡುವೆ ಮಿಲಿಮೀಟರುಗಳ ಗಾಯ ಮಾಡಿ ಸೂಜಿ ಇಳಿಸುತ್ತಾರೆ. ಗಡ್ಡೆ ಕರುಳಿಗೆ ಒತ್ತಿಕೊಂಡಿದ್ದರೆ ಎರಡರ ನಡುವೆ ದ್ರವ ತುಂಬಿ ದೂರ ಸರಿಸುತ್ತಾರೆ. ರೇಡಿಯೋ ಆವರ್ತನದ ಸೂಜಿಯಾದರೆ ಆ ದ್ರವ ಸಲೈನ್ ಆಗಬಾರದು, ಉಪ್ಪುನೀರು ಕರೆಂಟನ್ನು ನೇರ ಕರುಳಿಗೇ ತಲುಪಿಸುತ್ತದೆ. ಅದಕ್ಕೇ ಡೆಕ್ಸ್‌ಟ್ರೋಸ್ ನೀರು. ಕೆಲಸ ಮುಗಿದ ಮೇಲೆ ಸೂಜಿಯನ್ನು ಸೀದಾ ಎಳೆಯುವುದಿಲ್ಲ. ಬಿಸಿಯಿರುವಂತೆಯೇ ಮೆಲ್ಲಗೆ ಹೊರತೆಗೆದು ಬಂದ ದಾರಿಯನ್ನೂ ಸುಡುತ್ತಾರೆ. ಆ ದಾರಿಯಲ್ಲಿ ರಕ್ತ ಜಿನುಗಬಾರದು, ಕ್ಯಾನ್ಸರಿನ ಕೋಶವೊಂದು ಸೂಜಿಗೆ ಅಂಟಿ ಬಂದು ನೆಲೆಯೂರಬಾರದು. ಒಂದೆರಡು ದಿನದಲ್ಲಿ ಮನೆಗೆ. ಸ್ವಲ್ಪ ಜ್ವರ, ಮೈಕೈ ನೋವು ಬಂದು ಹೋಗುತ್ತದೆ.

2003ರಲ್ಲಿ ಇಟಲಿಯ 41 ಆಸ್ಪತ್ರೆಗಳು ಸೇರಿ ಒಪ್ಪಿಸಿದ 2,320 ರೋಗಿಗಳ ಲೆಕ್ಕದಲ್ಲಿ ಸತ್ತವರು 6 ಮಂದಿ. ಕರುಳಿನ ಕ್ಯಾನ್ಸರ್ ಲಿವರಿಗೆ ಹಬ್ಬಿ ಆದ, ಮೂರು ಸೆಂಟಿಮೀಟರಿನೊಳಗಿನ ಗಡ್ಡೆಗಳನ್ನು ಕೊಯ್ಯುವುದು ಲೇಸೋ ಸುಡುವುದು ಲೇಸೋ ಎಂದು ನೋಡಲು ನೆದರ್ಲೆಂಡ್ಸ್ ನೇತೃತ್ವದಲ್ಲಿ 'ಕೊಲಿಷನ್' ಎಂಬ ಅಧ್ಯಯನ ನಡೆಯಿತು. ಸುಡುವುದು ಕೊಯ್ಯುವುದಕ್ಕಿಂತ ಹಿಂದೆ ಬಿದ್ದಿಲ್ಲ, ತೊಂದರೆಗಳೂ ಕಡಿಮೆ ಎಂದು ಸ್ಪಷ್ಟವಾಗಿ ಅದನ್ನು ಅರ್ಧಕ್ಕೇ ನಿಲ್ಲಿಸಿದರು. ಫಲಿತಾಂಶ ಹೊರಬಂದದ್ದು 2024ರಲ್ಲಿ. ಲಿವರಿನಲ್ಲೇ ಹುಟ್ಟುವ ಕ್ಯಾನ್ಸರಿಗೂ, ಎರಡು ಸೆಂಟಿಮೀಟರಿನೊಳಗಿನ ಒಂಟಿ ಗಡ್ಡೆಯಾದರೆ ಸುಡುವುದೇ ಮೊದಲ ಆಯ್ಕೆಗಳಲ್ಲೊಂದು. ಸಿರೋಸಿಸ್ ಆಗಿ ಸೊರಗಿದ ಲಿವರಿನಿಂದ ದೊಡ್ಡ ತುಂಡು ಕತ್ತರಿಸಿದರೆ ಉಳಿದದ್ದು ಮೈ ತೂಗಿಸಲಾರದು.

ಎಲ್ಲ ಲೆಕ್ಕವೂ 'ಮೂರು ಸೆಂಟಿಮೀಟರಿನೊಳಗೆ' ಎಂಬಲ್ಲಿ ಬಂದು ನಿಲ್ಲುತ್ತದೆ. ಗಡ್ಡೆಯ ಸುತ್ತ ಐದರಿಂದ ಹತ್ತು ಮಿಲಿಮೀಟರ್ ಒಳ್ಳೆಯ ಮಾಂಸವನ್ನೂ ಸೇರಿಸಿ ಸುಡಬೇಕು. ಎಂದರೆ ಮೂರಕ್ಕೆ ನಾಲ್ಕೋ ಐದೋ ಸೆಂಟಿಮೀಟರಿನ ಉಂಡೆ. ಲಿವರ್ ನೋವು ಹೇಳಿಕೊಳ್ಳುವ ಅಂಗವಲ್ಲ. ಹೊಟ್ಟೆ ಭಾರವಾಗಿ, ಕಣ್ಣು ಹಳದಿಯಾಗಿ ಬರುವ ಹೊತ್ತಿಗೆ ಗಡ್ಡೆ ಯಾವ ಸೂಜಿಗೂ ದಕ್ಕದಷ್ಟು ಬೆಳೆದಿರುತ್ತದೆ. ಹೆಪಟೈಟಿಸ್ ಬಿ, ಸಿ ಇರುವವರು, ಕುಡಿತದಿಂದಲೋ ಕೊಬ್ಬಿನಿಂದಲೋ ಸಿರೋಸಿಸ್ ಆದವರು ಆರು ತಿಂಗಳಿಗೊಮ್ಮೆ ಸೊನೋಗ್ರಫಿ ಮಾಡಿಸಬೇಕೆಂದು ವೈದ್ಯರು ಹೇಳುವುದು ಇದಕ್ಕೇ.

ಶೇಂಗಾದ ಊರಿನಲ್ಲಿ ನಿಂತು ಲಿವರ್ ಕ್ಯಾನ್ಸರಿನ ಇನ್ನೊಂದು ಕಾರಣ ಹೇಳದಿದ್ದರೆ ಹೇಗೆ? ತೇವ ಹಿಡಿದ ಶೇಂಗಾ, ಮೆಕ್ಕೆಜೋಳಕ್ಕೆ ಬರುವ ಒಂದು ಬೂಸ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಶೇಂಗಾ ಹಿಂಡಿ ತಿಂದ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತಾಗ ಅದು ಪತ್ತೆಯಾಯಿತು. 1974ರಲ್ಲಿ ರಾಜಸ್ಥಾನದ ಬಾಂಸವಾಡಾ, ಗುಜರಾತಿನ ಪಂಚಮಹಲ್‌ಗಳಲ್ಲಿ ಬೂಸ್ಟು ಹಿಡಿದ ಮೆಕ್ಕೆಜೋಳ ತಿಂದು ಲಿವರ್ ಕೆಟ್ಟವರಲ್ಲಿ 106 ಜನ ಸತ್ತರು. ಸ್ವಲ್ಪ ಸ್ವಲ್ಪವಾಗಿ ವರ್ಷಗಟ್ಟಲೆ ಮೈ ಸೇರಿದರೆ, ಅದರಲ್ಲೂ ಹೆಪಟೈಟಿಸ್ ಬಿ ಜೊತೆಗಿದ್ದರೆ, ಲಿವರ್ ಕ್ಯಾನ್ಸರಿಗೆ ದಾರಿ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯ ವಿಜ್ಞಾನಿಗಳು ಅರವತ್ತರ ದಶಕದಲ್ಲೇ ಶೇಂಗಾ ಹಿಂಡಿಯಿಂದ ಈ ವಿಷ ತೆಗೆಯುವ ಬಗೆ ಹುಡುಕುತ್ತಿದ್ದರು. ಚಿಕ್ಕಿ ತಿಂದರೆ ಕ್ಯಾನ್ಸರ್ ಎಂದು ಯಾರೂ ಹೆದರಬೇಕಿಲ್ಲ. ಕಪ್ಪಾದ, ಮುರುಟಿದ, ಬೂಸ್ಟು ವಾಸನೆಯ ಬೀಜವನ್ನು ಮಾತ್ರ ಹುರಿದರೆ ಸರಿಹೋದೀತು ಎಂದುಕೊಳ್ಳಬಾರದು. ಕ್ಯಾನ್ಸರಿನ ಕೋಶ 60 ಡಿಗ್ರಿಗೆ ಸಾಯುತ್ತದೆ, ಈ ವಿಷ ಬಾಣಲೆಯ ಬಿಸಿಗೆ ಪೂರ್ತಿ ಜಗ್ಗುವುದಿಲ್ಲ.

ಸೂಜಿ ಎಷ್ಟೇ ಜಾಣವಾದರೂ ಒಂದು ಕುರುಡು ಇನ್ನೂ ಹೋಗಿಲ್ಲ. ಸುಡುತ್ತಿರುವಾಗ ಬೆಂಕಿ ಎಲ್ಲಿಯವರೆಗೆ ಹೋಗಿದೆ ಎಂದು ಸರಿಯಾಗಿ ಕಾಣುವುದಿಲ್ಲ. ಸೊನೋಗ್ರಫಿ ಪರದೆಯ ಮೇಲೆ ಹಬೆಗುಳ್ಳೆಗಳ ಬಿಳಿ ಮೋಡ ಎದ್ದು ಎಲ್ಲವನ್ನೂ ಮುಚ್ಚುತ್ತದೆ. ಬೆಂದ ಮಾಂಸ ಮುದುಡಿಕೊಳ್ಳುವುದರಿಂದ ಆಮೇಲಿನ ಅಳತೆಯೂ ಮೊದಲಿನದಕ್ಕೆ ತಾಳೆಯಾಗುವುದಿಲ್ಲ. ಎಂ.ಆರ್.ಐ.ಯಲ್ಲಿ ಬಿಸಿಯನ್ನೇ ಚಿತ್ರವಾಗಿ ನೋಡಬಹುದು, ಆದರೆ ಅಲ್ಲಿಗೆ ಬೇಕಾದ ಲೋಹ, ಯಂತ್ರ, ಖರ್ಚು ಎಲ್ಲವೂ ಬೇರೆ. ಸುಡುವ ಮೊದಲಿನ ಮತ್ತು ನಂತರದ ಸಿ.ಟಿ. ಚಿತ್ರಗಳನ್ನು ಒಂದರ ಮೇಲೊಂದಿಟ್ಟು ಅಂಚು ಎಲ್ಲಿ ತೆಳುವಾಗಿದೆ ಎಂದು ಹೇಳುವ ಸಾಫ್ಟ್‌ವೇರುಗಳು ಬಂದಿವೆ. ಇನ್ನು ಕೆಲವು ವಾರಗಳ ನಂತರ ಒಂದು ಸಿ.ಟಿ., ಆಮೇಲೆ ತಿಂಗಳುಗಳ ಅಂತರದಲ್ಲಿ ಮತ್ತೆ ಮತ್ತೆ. ಅಂಚಿನಲ್ಲಿ ಉಳಿದ ಗಡ್ಡೆ ಎಲ್ಲಾದರೂ ಹೊಳೆದರೆ ಇನ್ನೊಮ್ಮೆ ಸುಡಬಹುದು. ಮತ್ತೆ ಮಾಡಬಹುದು ಎಂಬುದೇ ಈ ಚಿಕಿತ್ಸೆಯ ದೊಡ್ಡ ಗುಣ, ನಮ್ಮ ದೇಶದಲ್ಲಿ ಅದೇ ದೊಡ್ಡ ತೊಡಕು ಕೂಡ. ಪ್ರತಿ ಸಲವೂ ಹೊಸ ಸೂಜಿ, ಒಂದೊಂದಕ್ಕೂ ಹತ್ತಾರು ಸಾವಿರ ರೂಪಾಯಿ, ಬಹುಪಾಲು ಹೊರದೇಶದಿಂದ ಬಂದದ್ದು.

ನಮ್ಮಲ್ಲಿ ತಲೆಗಳಿಲ್ಲವೇ? ಇವೆ. ಐಐಟಿ ಮದ್ರಾಸ್‌ನಲ್ಲಿ ಕವಿತಾ ಅರುಣಾಚಲಂ ಅವರ ತಂಡ ಮೈಕ್ರೋವೇವ್ ಶಾಖದಿಂದ ಕ್ಯಾನ್ಸರ್ ಚಿಕಿತ್ಸೆ ಮಾಡುವ ಉಪಕರಣಗಳ ಮೇಲೆ ಕೆಲಸ ಮಾಡುತ್ತ ಬಂದಿದೆ. ಸಿ.ಟಿ. ನೋಡಿ ಸೂಜಿ ಯಾವ ಕೋನದಲ್ಲಿ ಎಷ್ಟು ಆಳ ಹೋಗಬೇಕೆಂದು ಹಿಡಿದು ತೋರಿಸುವ ರೋಬೋಗಳನ್ನು ಚೆನ್ನೈನ ಪರ್ಫಿಂಟ್ ಕಂಪನಿ ಮಾಡಿ ಹೊರದೇಶಗಳಿಗೂ ಮಾರಿತು. ಲೋಣಾವಳಾದಿಂದ ಒಂದು ಬದಿಗೆ ಇಳಿದರೆ ಐಐಟಿ ಬಾಂಬೆಯ ಬೆಟಿಕ್ ಕೇಂದ್ರ, ಇನ್ನೊಂದು ಬದಿಗೆ ಪುಣೆಯ ಸಿಒಇಪಿಯಲ್ಲಿ ಅದರ ಶಾಖೆ. ವೈದ್ಯ, ಎಂಜಿನಿಯರ್, ವಿನ್ಯಾಸಕಾರರನ್ನು ಒಂದೇ ಮೇಜಿಗೆ ಕೂರಿಸಿ ವೈದ್ಯಕೀಯ ಉಪಕರಣ ಹುಟ್ಟಿಸುವ ಆ ಕೇಂದ್ರವನ್ನು ಕಟ್ಟಿದ ಪ್ರೊ. ಬಿ. ರವಿ ಮುಂದೆ ಸುರತ್ಕಲ್‌ನ ಎನ್‌ಐಟಿಕೆಗೆ ನಿರ್ದೇಶಕರಾಗಿ ಬಂದರು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಗೆ ಕಲಬುರಗಿಯಲ್ಲೇ ಒಂದು ಕೇಂದ್ರವಿದೆ. ಮಾಡುವವರು, ಬೇಕಾದವರು ಇಬ್ಬರೂ ಇದ್ದಾರೆ. ನಡುವೆ ಇರುವುದು ಪರೀಕ್ಷೆ, ಪರವಾನಗಿಗಳ ಉದ್ದದ ಹಾದಿ. 2017ರ ವೈದ್ಯಕೀಯ ಉಪಕರಣ ನಿಯಮಗಳು ಬಂದ ಮೇಲೆ ಕಟ್ಟುನಿಟ್ಟು ಹೆಚ್ಚಿದೆ. ಒಳ್ಳೆಯದೇ. ಲಿವರಿನೊಳಗೆ ಬೆಂಕಿ ಹಾಕುವ ವಸ್ತುವನ್ನು ಯಾರೋ ಗ್ಯಾರೇಜಿನಲ್ಲಿ ಮಾಡಿ ಮಾರುವಂತಿರಬಾರದು.

ನನಗನ್ನಿಸುವಂತೆ ಭಾರತದ ವಿನ್ಯಾಸಕಾರ ಇನ್ನೂ ದೊಡ್ಡ ಉಂಡೆ ಸುಡುವ ಸೂಜಿಯ ಬೆನ್ನು ಹತ್ತಬೇಕಿಲ್ಲ, ಹಲವು ಸಲ ಸುರಕ್ಷಿತವಾಗಿ ಬಳಸಬಹುದಾದ ಸೂಜಿ ಮಾಡಿದರೆ ಸಾಕು. 'ಒಮ್ಮೆ ಮಾತ್ರ' ಎಂದು ಬರೆದಿರುವ ಸಾಧನಗಳನ್ನು ತೊಳೆದು, ಸ್ಟೆರಿಲೈಸ್ ಮಾಡಿ ಮತ್ತೆ ಬಳಸುವುದು ನಮ್ಮ ಆಸ್ಪತ್ರೆಗಳಲ್ಲಿ ಗುಟ್ಟೇನಲ್ಲ. ಬಡ ರೋಗಿಯ ಮುಖ ನೋಡಿ ಹಾಗೆ ಮಾಡುತ್ತಾರೆ, ತಪ್ಪೆಂದು ಬೆರಳು ತೋರುವುದೂ ಕಷ್ಟ. ಆದರೆ ಅಪಾಯ ಎಲ್ಲಿದೆ ಎಂದರೆ ಆ ತೆಳು ಹೊದಿಕೆಯಲ್ಲಿ. ಬಿಸಿಗೆ, ರಾಸಾಯನಿಕಕ್ಕೆ ಅದು ಕಣ್ಣಿಗೆ ಕಾಣದಷ್ಟು ಬಿರಿದರೂ ಕರೆಂಟು ತುದಿಗೆ ಹೋಗದೆ ಅಲ್ಲೇ ಸೋರಿ ಹೊಟ್ಟೆಯ ಗೋಡೆಯನ್ನು ಸುಡುತ್ತದೆ. ಎರಡನೇ ಸಲ ಬಳಸಲು ಬಾರದಂತೆ ಕೆಲವು ಸೂಜಿಗಳ ಹಿಡಿಕೆಯಲ್ಲಿ ಚಿಪ್ ಇಟ್ಟಿರುತ್ತಾರೆ, ಒಮ್ಮೆ ಓಡಿದ ಮೇಲೆ ಯಂತ್ರ ಅದನ್ನು ಗುರುತಿಸುವುದಿಲ್ಲ. ಅದೇ ಚಿಪ್ ಒಂದರ ಬದಲು ಹತ್ತರವರೆಗೆ ಎಣಿಸಲಿ, ಪ್ರತಿ ಸಲ ಸ್ವಿಚ್ ಹಾಕುವ ಮೊದಲು ಹೊದಿಕೆಯ ಸೋರಿಕೆಯನ್ನು ಯಂತ್ರವೇ ಪರೀಕ್ಷಿಸಲಿ, ಹನ್ನೊಂದನೆಯ ಸಲ ತಾನೇ ಒಲ್ಲೆ ಎನ್ನಲಿ. ಇದಕ್ಕೆ ಹೊಸ ಭೌತಶಾಸ್ತ್ರ ಬೇಕಿಲ್ಲ. ಹತ್ತು ಸಲದ ಆಟೋಕ್ಲೇವ್ ತಾಳುವ ಹೊದಿಕೆ, ಒಳನಳಿಗೆಯನ್ನು ಪೂರ್ತಿ ತೊಳೆಯಲು ಬರುವಂತೆ ಬಿಚ್ಚಬಹುದಾದ ಜೋಡಣೆ, ತಾಳುತ್ತದೆಂದು ಸಾಬೀತು ಮಾಡುವ ಪರೀಕ್ಷೆಗಳ ಖರ್ಚು ಹೊರಲು ಒಂದು ಸಂಸ್ಥೆ, ಇಷ್ಟು ಬೇಕು.